ತಪ್ಪು ಅಪ್‌ಲೋಡ್ ಮಾಡೋರ್ದಾ, ಅದನ್ನ ನಮ್ಮ ಮುಂದೆ ತಂದು ಇಡೋರ್ದಾ?

ಯೂಟ್ಯೂಬಲ್ಲಿ ಒಬ್ಬ ನಟ ಎಷ್ಟು ಸಲ ಸಾಯ್ಬೋದು ಹೇಳಿ? ಥಂಬ್‌ನೇಲಲ್ಲಿ, ಅಂದ್ರೆ ವಿಡಿಯೋ ಒತ್ತೋ ಮುಂಚೆ ಕಾಣೋ ಚಿತ್ರದಲ್ಲಿ, ಫೋಟೋಗೆ ಹಾರ, ಪಕ್ಕದಲ್ಲಿ ಅಳ್ತಿರೋ ಹೆಂಡ್ತಿ, ಮೇಲೆ ಕೆಂಪಕ್ಷರದಲ್ಲಿ 'ಇನ್ನಿಲ್ಲ' ಅಂತ, ಗಾಬರಿಯಾಗಿ ಒತ್ತಿದ್ರೆ ಹತ್ತು ನಿಮಿಷ ಎಳೆದೂ ಎಳೆದೂ ಕೊನೇಲಿ ಹೇಳ್ತಾರೆ, ಸತ್ತಿದ್ದು ಸೀರಿಯಲ್‌ನಲ್ಲಿ ಅವರ ಪಾತ್ರ ಅಂತೆ! ಇಂಥದ್ದು ನೋಡಿದವ್ರೆಲ್ಲ ಒಂದೇ ಮಾತು ಹೇಳೋದು, ಯಾರ್ ಬೇಕಾದ್ರೂ ವಿಡಿಯೋ ಹಾಕೋಕೆ ಬಿಟ್ಟಿದ್ದೇ ತಪ್ಪು ಅಂತ. ನಾನಂತೂ ಒಪ್ಪಲ್ಲ.

ಯಾರ್ ಬೇಕಾದ್ರೂ ಹಾಕೋ ಹಾಗಿಲ್ದಿದ್ರೆ ಯಕ್ಷಗಾನದಲ್ಲಿ ಹಾಡೋ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರ ಪದ ಇವತ್ತು ಎಷ್ಟು ಜನ ಕೇಳ್ತಿದ್ರು? ಅವ್ರು ತೀರ್ಕೊಂಡಿದ್ದು 1990ರಲ್ಲಿ. ಯಾರೋ ಪುಣ್ಯಾತ್ಮರು ಮನೇಲಿದ್ದ ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿ, ಮೇಲೊಂದು ಮಸುಕು ಫೋಟೋ ಅಂಟಿಸಿ ಹಾಕಿರ್ತಾರೆ, ಸೌಂಡು ಕರಕರ ಅನ್ನುತ್ತೆ, ಚೆಂಡೆ ಏರ್ತಿದ್ದ ಹಾಗೆ ಪದ ಅರ್ಧ ಕೇಳ್ಸಲ್ಲ, ಆದ್ರೂ ಅವರು ಹೋದ್ಮೇಲೆ ಹುಟ್ಟಿದ ಹುಡುಗ್ರು ಅದನ್ನೇ ಹತ್ತು ಸಲ ಕೇಳಿ ಭಾಗವತಿಕೆ ಕಲೀತಾರೆ. ಇದ್ರಿಂದ ಹಾಕಿದವರಿಗೆ ಸಿಗೋದೇನು, ಕೆಳಗಡೆ ನಾಲ್ಕು ಥ್ಯಾಂಕ್ಸು. ಅಷ್ಟೇ.

ಅಂದ್ರೆ ಬಾಗಿಲು ತೆರೆದಿರೋದ್ರಿಂದ ತೊಂದ್ರೆ ಅಲ್ಲ, ಒಳಗೆ ಬಂದವರಲ್ಲಿ ಯಾರನ್ನ ಮುಂದಿನ ಸಾಲಲ್ಲಿ ಕೂರಿಸ್ತಾರೆ ಅನ್ನೋದೇ ವಿಷಯ. 2005ರ ಏಪ್ರಿಲ್ 23ಕ್ಕೆ ಯೂಟ್ಯೂಬಿನ ಮೊದಲ ವಿಡಿಯೋ ಬಂತಲ್ಲ, ಸ್ಯಾನ್ ಡಿಯಾಗೋ ಝೂನಲ್ಲಿ ಯೂಟ್ಯೂಬ್ ಶುರು ಮಾಡಿದವರಲ್ಲಿ ಒಬ್ಬರಾದ ಜಾವೇದ್ ಕರೀಮ್ ಆನೆ ಮುಂದೆ ನಿಂತು ಮಾತಾಡಿದ್ದು, 19 ಸೆಕೆಂಡು, ಅದರಲ್ಲಿ ದುಡ್ಡಿನ ಮಾತೇ ಇರ್ಲಿಲ್ಲ. ಮುಂದಿನ ವರ್ಷ ಗೂಗಲ್ ಯೂಟ್ಯೂಬನ್ನ 165 ಕೋಟಿ ಡಾಲರಿಗೆ ಕೊಂಡ್ಕೊಳ್ತು, 2007ರಲ್ಲಿ ಜಾಹೀರಾತಿನ ದುಡ್ಡಲ್ಲಿ ಪಾಲು ಕೊಡೋಕೆ ಶುರು ಮಾಡಿದ್ರು. ಅದೂ ಒಳ್ಳೇದೇ, ಹಳ್ಳೀಲಿ ಕೂತು ಅಡಿಗೆ ತೋರ್ಸಿ ಸಂಸಾರ ನಡೆಸೋರು ಇದಾರೆ. ಆದ್ರೆ ಯಾವ ವಿಡಿಯೋನ ಮುಂದೆ ತಂದು ತೋರ್ಸೋದು ಅನ್ನೋದ್ರಲ್ಲಿ 2012ರಿಂದ ಎಷ್ಟ್ ಜನ ಒತ್ತಿದ್ರು ಅನ್ನೋದಕ್ಕಿಂತ ಎಷ್ಟ್ ಹೊತ್ತು ನೋಡಿದ್ರು ಅನ್ನೋದಕ್ಕೆ ಬೆಲೆ ಜಾಸ್ತಿ ಆಯ್ತು, ನೋಡಿ, ಮೋಸದ ಥಂಬ್‌ನೇಲ್ ಕಮ್ಮಿ ಆಗ್ಲಿ ಅಂತ ಮಾಡಿದ್ದೇ, ನಮ್ಮೋರು ಅದಕ್ಕೂ ದಾರಿ ಹುಡುಕಿದ್ರು, ಥಂಬ್‌ನೇಲೂ ಉಳೀತು, ಎಳೆಯೋದೂ ಶುರುವಾಯ್ತು. 2021ರ ನವೆಂಬರಲ್ಲಿ ಡಿಸ್‌ಲೈಕ್ ಎಷ್ಟು ಅಂತ ತೋರ್ಸೋದನ್ನೂ ತೆಗೆದುಬಿಟ್ರು, ಸುಳ್ಳು ಅಂತ ಮುಂಚೇನೇ ಗೊತ್ತಾಗೋಕೆ ಇದ್ದ ಒಂದೇ ಗುರುತೂ ಹೋಯ್ತು.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಕಾಪಿರೈಟ್ ವಿಷ್ಯದಲ್ಲಿ. ಕಂಟೆಂಟ್ ಐಡಿ ಅಂತ ಒಂದು ಯಂತ್ರ ಇದೆ, ಹೊಸ ವಿಡಿಯೋದ ಸೌಂಡು, ಚಿತ್ರ ಎಲ್ಲ ಕಂಪನಿಗಳು ಕೊಟ್ಟಿರೋ ಫೈಲ್ ಜೊತೆ ಹೋಲಿಸಿ ನೋಡುತ್ತೆ, ಹೊಂದಿದ್ರೆ ದುಡ್ಡು ಆ ಕಂಪನಿಗೆ ಇಲ್ಲಾ ವಿಡಿಯೋ ಬ್ಲಾಕ್. ಇದಲ್ದೇ ಹಕ್ಕಿರೋರು ದೂರು ಕೊಟ್ರೆ ಸ್ಟ್ರೈಕು, ಅಂದ್ರೆ ಚಾನೆಲ್ ಮೇಲೆ ಒಂದು ತಪ್ಪಿನ ಗುರುತು, 90 ದಿನದೊಳಗೆ ಮೂರು ಬಿದ್ರೆ ಚಾನೆಲ್ಲೇ ಹೋಗ್ಬೋದು. ಹಕ್ಕು ಅವರ್ದೇ, ಕಾನೂನಿನ ಪ್ರಕಾರ ತಪ್ಪೇನಿಲ್ಲ, ಹಾಡು ಬರೆದವರಿಗೆ ದುಡ್ಡು ಹೋಗ್ಬೇಕು ಸರಿ. ಆದ್ರೆ ಕಂಪನಿ ಒಂದು ಹಳೇ ಯಕ್ಷಗಾನದ ಕ್ಯಾಸೆಟ್ಟನ್ನ ತಾನೂ ಮಾರಲ್ಲ, ಬೇರೆಯವ್ರು ಇಟ್ರೂ ಬಿಡಲ್ಲ ಅಂದ್ರೆ ಆಟ ಕೇಳೋರು ಎಲ್ಲಿಗೆ ಹೋಗ್ಬೇಕು? ಸುಳ್ಳು ಸಾವಿನ ಸುದ್ದಿ ಮಾಡೋನಿಗೆ ಇದ್ಯಾವ್ದೂ ತಾಗಲ್ಲ ಬಿಡಿ, ಒಂದು ಚಾನೆಲ್ ಹೋದ್ರೆ ಸಂಜೆ ಹೊತ್ತಿಗೆ ಇನ್ನೊಂದು.

ಅದಕ್ಕೇ ಈ ಹಳೇ ದನಿಗಳನ್ನೆಲ್ಲ ಯಾರೋ ಅಭಿಮಾನಿಯ ಚಾನೆಲ್ ಮೇಲೆ ಬಿಟ್ಟು ಕೂರೋದು ಸರಿಯಲ್ಲ ಅಂತೀನಿ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ರು, ಮೈಸೂರು ಕೇಂದ್ರ ಅದಕ್ಕೂ ಹಳೇದು. ಇಂಥ ಕಡೆ ಉಳಿದಿರೋ ಟೇಪುಗಳನ್ನ ದಿನಾಂಕ, ಪಕ್ಕವಾದ್ಯದವರ ಹೆಸ್ರು ಸಮೇತ ಅವರೇ ಪೂರ್ತಿ ಹಾಕ್ಲಿ, ಯಕ್ಷಗಾನ ಅಕಾಡೆಮಿಯವರೂ ಮನೆಮನೆಯಿಂದ ಕ್ಯಾಸೆಟ್ ಸೇರಿಸಿ ಹಾಗೇ ಮಾಡ್ಲಿ. ಒಂದು ಕಾಪಿ ಯೂಟ್ಯೂಬಲ್ಲಿ, ಇನ್ನೊಂದು ಅವರದೇ ಸರ್ವರಲ್ಲಿ.