ಒಂದೊಂದೇ ಕಣ್ಣು ಮುಚ್ಚಿ ನೋಡಿಸಿ
(ಗಂಗಾವತಿ ತಾಲ್ಲೂಕಿನ ಶಾಲೆಯೊಂದರ ಪಾಲಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಗದ್ದೆ ಕೆಲಸ ಬಿಟ್ಟು ಬಂದಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಣ್ಣಿನ ತಪಾಸಣೆ ಆದ ಮೇಲೆ ಕೆಲವರ ಕೈಗೆ ಚೀಟಿ ಬಂದಿದೆ. ಅದರಲ್ಲಿ ‘ಸಿಲಿಂಡರ್’ ಅಂತ ಒಂದು ನಂಬರ್, ಪಕ್ಕದಲ್ಲಿ ‘ಆಕ್ಸಿಸ್’ ಅಂತ ಇನ್ನೊಂದು. ಈ ನಂಬರ್ ಬರುವ ಕಣ್ಣಿನ ತೊಂದರೆಯನ್ನು ಡಾಕ್ಟರು ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ.

ಕಣ್ಣಿನ ಮುಂದೆ ಗಾಜಿನಂಥ ಒಂದು ಪದರ ಇದೆ, ಕಾರ್ನಿಯಾ. ಅದು ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರಬೇಕು. ನಮ್ಮ ಹುಡುಗರು ಎಡದಂಡೆ ಕಾಲುವೆಗೆ ಈಜಲು ಟ್ರ್ಯಾಕ್ಟರ್ ಟ್ಯೂಬ್ ಒಯ್ಯುತ್ತಾರಲ್ಲ (ಒಯ್ಯಬಾರದು, ಆ ಮಾತು ಬೇರೆ), ಅದರ ಮೇಲೆ ಕೈಯಾಡಿಸಿ ನೋಡಿ. ಉದ್ದಕ್ಕೆ ಹೋದರೆ ನಿಧಾನ ಬಾಗು, ಅಡ್ಡಕ್ಕೆ ಹೋದರೆ ಜೋರು ಬಾಗು. ಈ ಮಕ್ಕಳ ಕಾರ್ನಿಯಾ ಸ್ವಲ್ಪ ಹಾಗಿರುತ್ತದೆ. ಆಗ ಬೆಳಕು ಒಂದೇ ಚುಕ್ಕೆಯಲ್ಲಿ ಕೂಡುವುದಿಲ್ಲ. ದೂರದ್ದೂ ಮಸುಕು, ಹತ್ತಿರದ್ದೂ ಮಸುಕು. ಕೂಸುಗಳಲ್ಲಿ ಇದು ಸಾಮಾನ್ಯ, ಎಷ್ಟೋ ಮಕ್ಕಳಲ್ಲಿ ಮೊದಲ ಕೆಲವು ವರ್ಷಗಳಲ್ಲಿ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಚಷ್ಮಾ ಬೇಕು. ಗಜ್ಜರಿ ತಿನ್ನಿಸಿದರೆ ಹೋಗುವುದಿಲ್ಲ.

ಮಗು ತಾನಾಗಿ ಹೇಳುವುದಿಲ್ಲ. ಮೊದಲಿಂದ ಹಾಗೇ ಕಂಡಿದೆ, ಎಲ್ಲರಿಗೂ ಹೀಗೇ ಅಂದುಕೊಂಡಿರುತ್ತದೆ. ಕಣ್ಣು ಕಿರಿದು ಮಾಡುವುದು, ತಲೆ ಓರೆ ಮಾಡಿ ನೋಡುವುದು, ಓದಲು ಕೂತರೆ ತಲೆನೋವು, ಇವೆಲ್ಲ ಗುರುತು. ಶಿಕ್ಷಕರೇ, ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಅಲ್ವಾ? ‘ಪ’, ‘ಫ’ ಕೂಡ ಹಾಗೇ. ಬೋರ್ಡ್ ನೋಡಿ ಬರೆಯುವಾಗ ಇಂಥ ತಪ್ಪು ಜಾಸ್ತಿ, ಉಕ್ತಲೇಖನದಲ್ಲಿ ಕಡಿಮೆ ಅಂತಾದರೆ, ಹುಡುಗ ದಡ್ಡ ಅನ್ನುವ ಮೊದಲು ಕಣ್ಣು ತೋರಿಸಿ.

ತೊಂದರೆ ಒಂದೇ ಕಣ್ಣಿಗಿದ್ದರೆ ಅದೂ ಗೊತ್ತಾಗುವುದಿಲ್ಲ. ಜಾರ್ಜ್ ಏರಿ ಅಂತ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಇದ್ದರು. ಓದುವಾಗ ತಮ್ಮ ಎಡಗಣ್ಣು ಕೆಲಸವನ್ನೇ ಮಾಡುತ್ತಿಲ್ಲ ಅನ್ನುವುದು ಅವರಿಗೆ ತಿಳಿದದ್ದು ದೊಡ್ಡವರಾದ ಮೇಲೆ. ತಾವೇ ಲೆಕ್ಕ ಹಾಕಿ 1825ರ ಹೊತ್ತಿಗೆ, ಈ ಬಾಗಿನ ಏರುಪೇರನ್ನು ಸರಿಪಡಿಸುವ ಸಿಲಿಂಡರ್ ಗಾಜು ಮಾಡಿಸಿಕೊಂಡರು. ನಕ್ಷತ್ರ ನೋಡುವವರ ಕಥೆಯೇ ಹೀಗೆ. ಹಾಗಾಗಿ ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಕ್ಯಾಲೆಂಡರ್ ಓದಿಸಿ.

ಆತುರ ಯಾಕೆ ಅಂದರೆ, ಮಸುಕು ಚಿತ್ರವನ್ನೇ ಪಡೆಯುತ್ತಾ ಬೆಳೆದ ಮಿದುಳು ಆ ಕಣ್ಣಿನಿಂದ ಚೆನ್ನಾಗಿ ನೋಡಲು ಕಲಿಯುವುದೇ ಇಲ್ಲ. ಇದೇ ಸೋಮಾರಿ ಕಣ್ಣು. 7–8 ವರ್ಷದೊಳಗೆ ಚಷ್ಮಾ ಹಾಕಿಸಿದರೆ, ಬೇಕಾದರೆ ಚೆನ್ನಾಗಿರುವ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ ಕಟ್ಟಿದರೆ, ಹೆಚ್ಚು ಸುಧಾರಿಸುತ್ತದೆ. ಆ ವಯಸ್ಸು ದಾಟಿದವರನ್ನೂ ಕೈಬಿಡಬೇಡಿ, ಕೆಲವರಿಗೆ ಉಪಯೋಗ ಆಗುತ್ತದೆ. ‘ಹೆಣ್ಣು ಹುಡುಗಿ, ಚಷ್ಮಾ ಹಾಕಿದರೆ ನಾಳೆ ಮದುವೆ ಹೇಗೆ’ ಅನ್ನುವ ಅವ್ವಂದಿರಿದ್ದಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಪರೀಕ್ಷೆಗೆ ಕಣ್ಣಿಗೆ ಹನಿ ಹಾಕಿದರೆ ಹೆದರಬೇಡಿ. ಮಕ್ಕಳು ಕಣ್ಣಿಗೆ ಬಲ ಕೊಟ್ಟು ನೋಡುತ್ತಾರೆ, ನಂಬರ್ ತಪ್ಪು ಬರುತ್ತದೆ. ಹನಿ ಆ ಬಲವನ್ನು ಸಡಿಲಿಸುತ್ತದೆ. ಆಮೇಲೆ ಬಿಸಿಲು ಚುಚ್ಚುತ್ತದೆ, ಪುಸ್ತಕ ಮಸುಕು ಕಾಣುತ್ತದೆ. ಕೆಲವು ಹನಿಗಳದು ಒಂದು ದಿನದಲ್ಲಿ ಇಳಿಯುತ್ತದೆ, ಅಟ್ರೋಪಿನ್‌ನದು ಒಂದು ವಾರ, ಇನ್ನೂ ಜಾಸ್ತಿ ಹಿಡಿಯಬಹುದು.

ಈಗ ಆ ಆಕ್ಸಿಸ್. ಅದು ಡಿಗ್ರಿ, ಗಾಜನ್ನು ಯಾವ ಕೋನಕ್ಕೆ ಕೂರಿಸಬೇಕು ಅನ್ನುವ ಲೆಕ್ಕ. ಬರೀ ಮೈನಸ್ ಗಾಜು ತಿರುಗಿದರೂ ನಡೆಯುತ್ತದೆ, ಸಿಲಿಂಡರ್ ಗಾಜು ತಿರುಗಬಾರದು. 10 ಡಿಗ್ರಿ ತಿರುಗಿದರೆ ಅದರ ಲಾಭದಲ್ಲಿ ಮೂರನೇ ಒಂದು ಪಾಲು ಹೋಯಿತು. 30 ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ನಮ್ಮ ಮಕ್ಕಳ ಚಷ್ಮಾ ಹೇಗಿರುತ್ತದೆ? ಒಂದು ಕಡ್ಡಿ ಸೊಟ್ಟ, ಇನ್ನೊಂದಕ್ಕೆ ದಾರ. ದುಂಡು ಫ್ರೇಮಿನ ಸ್ಕ್ರೂ ಸಡಿಲಾದರೆ ಗಾಜು ಒಳಗೇ ತಿರುಗುತ್ತದೆ. ಬಿದ್ದ ಗಾಜನ್ನು ಮನೆಯಲ್ಲಿ ಅಂಟಿಸಬೇಡಿ, ಅಂಗಡಿಗೇ ಒಯ್ಯಿರಿ. ಮಕ್ಕಳಿಗೆ ಪಾಲಿಕಾರ್ಬೊನೇಟ್ ಗಾಜು ಒಳ್ಳೆಯದು, ಸುಲಭವಾಗಿ ಒಡೆಯುವುದಿಲ್ಲ. ಸಂತೆಯ ರೆಡಿಮೇಡ್ ಚಷ್ಮಾದಲ್ಲಿ ಸಿಲಿಂಡರ್ ಇರುವುದಿಲ್ಲ. ಹೊಸ ಚಷ್ಮಾ ಹಾಕಿದಾಗ ನೆಲ ಓರೆಯಾದಂತೆ ಕಾಣಬಹುದು. ಒಂದೆರಡು ವಾರ ಸುಮ್ನೆ ಹಾಕಿಸಿ, ಆಮೇಲೂ ಹಾಗೇ ಇದ್ದರೆ ವಾಪಸ್ ತೋರಿಸಿ.

ಕೊನೆಯದು ಕಣ್ಣು ಉಜ್ಜುವುದು. ನಮ್ಮ ಕಡೆ ಬಿಸಿಲು, ಧೂಳು. ಅಲರ್ಜಿಯಿಂದ ಕಣ್ಣು ತುರಿಸುತ್ತದೆ, ಮಕ್ಕಳು ಮುಷ್ಟಿ ಹಿಡಿದು ಉಜ್ಜುತ್ತಾರೆ. ವರ್ಷಗಟ್ಟಲೆ ಜೋರಾಗಿ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬಬಹುದು. ಅದು ಕೆರಟೋಕೋನಸ್. ಪ್ರತಿ ಸಲವೂ ಸಿಲಿಂಡರ್ ನಂಬರ್ ಏರುತ್ತಿದ್ದರೆ ಆ ಅನುಮಾನ ಬರಬೇಕು. ಬೇಗ ಗೊತ್ತಾದರೆ, ಕಾರ್ನಿಯಾವನ್ನು ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯಿಂದ ಹೆಚ್ಚಿನವರಲ್ಲಿ ಅಲ್ಲಿಗೇ ನಿಲ್ಲಿಸಬಹುದು. ತುರಿಕೆಗೆ ತಣ್ಣೀರ ಬಟ್ಟೆ ಇಡಿ, ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯಿಂದ ನೀವೇ ಹನಿ ತರಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ನರ ಕೆಡುವ ಗ್ಲಾಕೋಮಾ ಬರಬಹುದು, ಅದರಿಂದ ಹೋದ ದೃಷ್ಟಿ ಮರಳುವುದಿಲ್ಲ.

ಚಷ್ಮಾ ಇರುವ ಮಕ್ಕಳನ್ನು 6 ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸಿ. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಈಗ ಪ್ರಶ್ನೆ ಕೇಳಿ. ಚಷ್ಮಾ ಹಾಕಿಕೊಂಡು ಬಂದ ಮಕ್ಕಳು ಮುಂದೆ ಬರಲಿ, ಫ್ರೇಮ್ ನೆಟ್ಟಗಿದೆಯಾ ಅಂತ ಇಲ್ಲೇ ನೋಡಿಬಿಡೋಣ.