ಮಂಗಳೂರು–ಹುಬ್ಬಳ್ಳಿ ವಿಮಾನ: 267 ಕಿಲೋಮೀಟರ್‌ಗೆ ಒಂದು ಗಂಟೆ ಯಾಕೆ?

[ಪರದೆ: ಕರ್ನಾಟಕದ ನಕ್ಷೆ, ಎರಡು ಚುಕ್ಕೆ]

ನಮಸ್ಕಾರ. ಮಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದ ದಾರಿ ಎಷ್ಟು ದೂರ? ಎಷ್ಟು ಹೊತ್ತು ಬೇಕು? ಇವತ್ತು ನಾವೇ ಲೆಕ್ಕ ಹಾಕೋಣ. ಪೆನ್ನು, ಕಾಗದ ಸಾಕು.

ಮಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ 12 ಡಿಗ್ರಿ 58 ನಿಮಿಷ. ಹುಬ್ಬಳ್ಳಿಯದು 15 ಡಿಗ್ರಿ 22 ನಿಮಿಷ. ಕಳೆದರೆ 2 ಡಿಗ್ರಿ 24 ನಿಮಿಷ. ಇಲ್ಲಿ ನಿಮಿಷ ಅಂದರೆ ಗಡಿಯಾರದ್ದಲ್ಲ, ಕೋನದ ಅಳತೆ. ಡಿಗ್ರಿಗೆ 60 ನಿಮಿಷದಂತೆ ಒಟ್ಟು 144.

ಈಗ ನೋಡಿ ಚೆಂದ. ಅಕ್ಷಾಂಶದ ಒಂದು ನಿಮಿಷ ಅಂದರೆ ಹೆಚ್ಚುಕಮ್ಮಿ ಒಂದು ನಾಟಿಕಲ್ ಮೈಲಿ. ಪೈಲಟ್‌ಗಳು ದೂರ ಅಳೆಯುವುದು ಇದರಲ್ಲೇ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್, ಹಾಗಾಗಿ 144 ಅನ್ನು 1.852ರಿಂದ ಗುಣಿಸಿ. ಸುಮಾರು 267 ಕಿಲೋಮೀಟರ್!

ಎಲ್ಲ ಊರಿಗೂ ಇಷ್ಟು ಸುಲಭವಾಗಿ ಲೆಕ್ಕ ಸಿಗುವುದಿಲ್ಲ. ಹುಬ್ಬಳ್ಳಿ ಮಂಗಳೂರಿನಿಂದ ಬಹುತೇಕ ನೇರ ಉತ್ತರಕ್ಕಿದೆ, ಪೂರ್ವಕ್ಕೆ ಸರಿದಿರುವುದು ಬರೀ 21 ಕಿಲೋಮೀಟರ್. ಅದನ್ನು ಸೇರಿಸಿದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ.

[ಪರದೆ: ಎರಡು ಚುಕ್ಕೆ ಸೇರಿಸುವ ಗೆರೆ]

ಈ ಗೆರೆ ಸಾಗರ, ಮುಂಡಗೋಡದ ಹತ್ತಿರ ಹಾದು ಹೋಗುತ್ತದೆ. ರಸ್ತೆಗೆ ಆ ಭಾಗ್ಯ ಇಲ್ಲ. ಕರಾವಳಿ ಹಿಡಿದು ಅಂಕೋಲಾಕ್ಕೆ ಹೋಗಿ, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹೋದರೆ 350 ಕಿಲೋಮೀಟರ್ ದಾಟುತ್ತದೆ.

ಇನ್ನು ಸಮಯ. ದೊಡ್ಡ ಜೆಟ್ ವಿಮಾನದ 800 ಕಿಲೋಮೀಟರ್ ವೇಗ ಹಾಕಿದರೆ 20 ನಿಮಿಷ ಬರುತ್ತದೆ. ಆ ಲೆಕ್ಕ ನಂಬಬೇಡಿ. ಇಷ್ಟು ಹತ್ತಿರದ ಊರುಗಳಿಗೆ ಸಾಮಾನ್ಯವಾಗಿ ಓಡಿಸುವುದು ಎಟಿಆರ್ 72. ಎರಡು ಪ್ರೊಪೆಲ್ಲರ್ ಇರುವ, ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ. ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಅಂದರೆ 32 ನಿಮಿಷ. ಅದೂ ಹೊರಟ ಕ್ಷಣದಿಂದ ಇಳಿಯುವವರೆಗೆ ಅದೇ ವೇಗದಲ್ಲಿ ಹೋದರೆ! ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ ಇರುತ್ತದೆ ಅಲ್ವಾ?

[ಪರದೆ: ಎರಡೂ ರನ್‌ವೇಗಳ ಚಿತ್ರ]

ನನಗೆ ತುಂಬ ಇಷ್ಟವಾದ ವಿಷಯ ಇದು. ನಾವು ಹೋಗಬೇಕಾದದ್ದು ಉತ್ತರಕ್ಕೆ. ಆದರೆ ಮಂಗಳೂರಿನ ರನ್‌ವೇ ನೈಋತ್ಯ–ಈಶಾನ್ಯಕ್ಕೆ ಚಾಚಿದೆ, ಹುಬ್ಬಳ್ಳಿಯದು ಹೆಚ್ಚುಕಮ್ಮಿ ಪೂರ್ವ–ಪಶ್ಚಿಮಕ್ಕೆ. ವಿಮಾನ ಏರುವುದು, ಇಳಿಯುವುದು ಎರಡೂ ಗಾಳಿಗೆ ಎದುರಾಗಿ. ಪಶ್ಚಿಮದ ಗಾಳಿ ಬೀಸುತ್ತಿದ್ದರೆ ಮಂಗಳೂರಿನಲ್ಲಿ ಸಮುದ್ರದ ಕಡೆಗೆ ಏರಿ, ಬಲಕ್ಕೆ ತಿರುಗಿ ಉತ್ತರದ ದಾರಿ ಹಿಡಿಯಬೇಕು. ಹುಬ್ಬಳ್ಳಿ ಹತ್ತಿರ ಬಂದ ಮೇಲೆ ಊರಿನ ಪೂರ್ವಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ನಕ್ಷೆಯ ನೇರ ಗೆರೆಯಲ್ಲಿ ಈ ಸುತ್ತು ಕಾಣುವುದೇ ಇಲ್ಲ.

ಜೊತೆಗೆ ಟಿಕೆಟ್‌ನಲ್ಲಿ ಬರೆದಿರುವುದು ಬರೀ ಹಾರಾಟದ ಸಮಯ ಅಲ್ಲ. ನಿಂತ ಜಾಗದಿಂದ ವಿಮಾನ ಕದಲಿದ್ದರಿಂದ ಹಿಡಿದು ಆ ಕಡೆ ಹೋಗಿ ನಿಲ್ಲುವವರೆಗಿನ ಸಮಯ. ಅದಕ್ಕೇ ಒಂದು ಗಂಟೆ ಅಂತ ಇಟ್ಟುಕೊಳ್ಳಿ.

ಟಿಕೆಟ್ ಮಾಡಿಸುವ ಮುಂಚೆ ವಿಮಾನ ನೇರವಾಗಿ ಹೋಗುತ್ತದಾ ಅಂತ ನೋಡಿ. ಇಂಥ ಸಣ್ಣ ಮಾರ್ಗಗಳ ವೇಳಾಪಟ್ಟಿ ಆಗಾಗ ಬದಲಾಗುತ್ತದೆ. ಬೆಂಗಳೂರಿನ ಮೇಲೆ ಹೋಗುವುದಾದರೆ ಲೆಕ್ಕವೇ ಬೇರೆ. ಮಂಗಳೂರು–ಬೆಂಗಳೂರು ಸುಮಾರು 306, ಅಲ್ಲಿಂದ ಹುಬ್ಬಳ್ಳಿ ಸುಮಾರು 370. ಒಟ್ಟು 676 ಕಿಲೋಮೀಟರ್, ನೇರ ದಾರಿಯ ಎರಡೂವರೆ ಪಟ್ಟು! ಮಧ್ಯೆ ಕಾಯುವುದು ಬೇರೆ. ಕಾಯುವ ಹೊತ್ತು ಜಾಸ್ತಿ ಇದ್ದರೆ ಸುಮ್ನೆ ರಾತ್ರಿ ಬಸ್ಸು ಹತ್ತುವುದೇ ವಾಸಿ.