ಎರಿ ಹೊಲ ಬಾಯಿ ಬಿಟ್ಟ ದಿನಗಳ ಲೆಕ್ಕ: ಕಪ್ಪು ಮಣ್ಣಿನ ವರ್ಗ ಗುರುತಿಸುವುದು ಹೇಗೆ?

[ದೃಶ್ಯ: ಏಪ್ರಿಲ್ ತಿಂಗಳು. ಗದಗ–ರೋಣ ರಸ್ತೆಯ ಪಕ್ಕದ ಖಾಲಿ ಎರಿ ಹೊಲ. ಕ್ಯಾಮೆರಾ ನೆಲಕ್ಕೆ ಹತ್ತಿರ, ಬಿರುಕಿನ ಉದ್ದಕ್ಕೂ ಸಾಗುತ್ತದೆ.]

ನಮಸ್ಕಾರ. ಈ ಹೊಲ ನೋಡಿ. ಬೇಸಿಗೆಯಲ್ಲಿ ನಮ್ಮ ಕಡೆ "ಹೊಲ ಬಾಯಿ ಬಿಟ್ಟೈತಿ" ಅಂತಾರೆ. ಮಣ್ಣಿನ ವರ್ಗೀಕರಣದಲ್ಲಿ ಈ ಮಾತಿಗೆ ತುಂಬಾ ತೂಕವಿದೆ. ಹೊಲ ಯಾವತ್ತು ಬಾಯಿ ಬಿಟ್ಟಿತು, ಎಷ್ಟು ಅಗಲ, ಎಷ್ಟು ಆಳ, ಯಾವತ್ತು ಮುಚ್ಚಿತು? ಈ ನಾಲ್ಕು ಗೊತ್ತಾದರೆ ಎರಿ ಮಣ್ಣಿನ ಅರ್ಧ ಜಾತಕ ಸಿಕ್ಕ ಹಾಗೆ.

ಬಣ್ಣ ನೋಡಿ ಕಪ್ಪಾದರೆ ಎರಿ, ಕೆಂಪಾದರೆ ಮಸಾರಿ ಅಂತ ಬೇರೆ ಮಾಡುವುದು ರೈತರ ಹಳೆಯ ರೂಢಿ, ಹೊಲದ ಕೆಲಸಕ್ಕೆ ಅದು ಸಾಕು. ಆದರೆ ಗದಗದ ಎರಿಯೂ ನವಲಗುಂದದ ಎರಿಯೂ ರಾಣೆಬೆನ್ನೂರಿನ ಎರಿಯೂ ಒಂದೇ ಥರ ನೀರು ಹಿಡಿಯುವುದಿಲ್ಲ. ಎಲ್ಲವೂ ಕಪ್ಪೇ. ಕಪ್ಪು ಕಂಡ ಕೂಡಲೇ ಸಾವಯವ ಇಂಗಾಲ ಹೆಚ್ಚಿದೆ ಎಂದು ತಿಳಿಯುವುದೂ ತಪ್ಪು. ನಮ್ಮ ಎರಿ ಹೊಲಗಳಲ್ಲಿ ಅದು ಬಹುತೇಕ ಕಡಿಮೆಯೇ. ಇದ್ದ ಸ್ವಲ್ಪ ಇಂಗಾಲ ಜೇಡಿಯ ಕಣಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಆ ಕಪ್ಪು. ನಮ್ಮ ಭಾಗದ ಎರಿ ಎಲ್ಲಾ ಬಸಾಲ್ಟ್ ಕಲ್ಲಿನಿಂದ ಬಂದದ್ದು ಎನ್ನುವ ಮಾತೂ ಸರಿಯಲ್ಲ. ಧಾರವಾಡ ಶಿಸ್ಟ್ ಕಲ್ಲಿನ ಮೇಲೂ ಒಳ್ಳೆಯ ಎರಿ ಬೆಳೆದಿದೆ.

[ದೃಶ್ಯ: ಗ್ರಾಮ ನಕಾಶೆ ಮೇಜಿನ ಮೇಲೆ. ಸರ್ವೆ ನಂಬರಿನ ಮೇಲೆ ಪೆನ್ಸಿಲ್ ಗುರುತು.]

ಮೊದಲು ಜಾಗ. ಗ್ರಾಮ ನಕಾಶೆಯ ಅಳತೆ 1:7920, ಅಂದರೆ ಕಾಗದದ ಮೇಲಿನ 8 ಇಂಚು ನೆಲದ ಮೇಲೆ ಒಂದು ಮೈಲಿ. ಸುಜಲಾ-3 ಯೋಜನೆಯಲ್ಲಿ ಗದಗ ಜಿಲ್ಲೆಯ ಜಲಾನಯನಗಳ ಭೂ ಸಂಪನ್ಮೂಲ ಸಮೀಕ್ಷೆ ಆದದ್ದೂ ಇದೇ ಅಳತೆಯ ನಕಾಶೆಯ ಮೇಲೆ. ನಿಮ್ಮ ಊರಿನ ವರದಿ ಇದ್ದರೆ ಮೊದಲು ಅದನ್ನು ತೆಗೆದು ಓದಿ. ಗುಂಡಿ ಎಲ್ಲಿ ತೋಡಬೇಕು ಎನ್ನುವುದು ಅಲ್ಲೇ ಹೊಳೆಯುತ್ತದೆ.

ಒಡ್ಡಿನ ಬುಡ, ದಾರಿಯ ಅಂಚು, ತಿಪ್ಪೆ ಹಾಕಿದ ಜಾಗ, ಬೇವಿನ ಮರದ ನೆರಳು, ಕಾಲುವೆಯ ಪಕ್ಕ ಇಷ್ಟನ್ನೂ ಬಿಡಿ. ಹೊಲದ ಸಾಮಾನ್ಯ ಇಳಿಜಾರು ಇರುವ ನಡುಭಾಗ ಆರಿಸಿ. ಗುಂಡಿ 2 ಮೀಟರ್ ಉದ್ದ, 1 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಇರಲಿ. ಕೆಳಗೆ ಗರಸು ಅಥವಾ ಕಲ್ಲು ಮೊದಲೇ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ನೋಡಬೇಕಾದ ಗೋಡೆಗೆ ನೇರ ಬಿಸಿಲು ಬೀಳಬೇಕು, ಆ ಗೋಡೆಯ ಮೇಲಿನ ನೆಲವನ್ನು ಯಾರೂ ತುಳಿಯಬಾರದು. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ಹಾಕಿ. ಮುಚ್ಚುವಾಗ ಕೆಳಮಣ್ಣು ಮೊದಲು ಹೋಗಬೇಕು. ಇಲ್ಲದಿದ್ದರೆ ಸುಣ್ಣದ ಹರಳೆಲ್ಲ ಮೇಲೆ ಬಂದು, ರೈತರಿಗೆ ಅಷ್ಟು ಜಾಗ ನಾಲ್ಕು ವರ್ಷ ಕೆಟ್ಟ ಹಾಗೆ.

ಒಂದು ಎಚ್ಚರಿಕೆ. ಎರಿ ಗುಂಡಿಯ ಗೋಡೆ ಮಸಾರಿಯ ಹಾಗೆ ಉದುರಿ ಬೀಳುವುದಿಲ್ಲ, ದೊಡ್ಡ ಹೆಂಟೆಯಾಗಿ ಇಡಿಯಾಗಿ ಜಾರುತ್ತದೆ. ಒಳಗೆ ಓರೆಯಾದ ನುಣುಪು ಮೈಗಳಿರುವುದೇ ಅದಕ್ಕೆ ಕಾರಣ. ಮಳೆ ಬಿದ್ದ ಮರುದಿನ ಆಳದ ಗುಂಡಿಗೆ ಇಳಿಯಬೇಡಿ. ಒಬ್ಬರೇ ಅಂತೂ ಯಾವತ್ತೂ ಇಳಿಯಬೇಡಿ.

[ದೃಶ್ಯ: ಗುಂಡಿಯ ಗೋಡೆ. ಚಾಕುವಿನ ತುದಿಯಿಂದ ಮಣ್ಣು ಕೀಳುತ್ತಿರುವ ಕೈ. ಓರೆ ಮೈ ಬಿಸಿಲಿಗೆ ಮಿನುಗುತ್ತದೆ.]

ಸಲಿಕೆ ಸವರಿದ ಗೋಡೆಯಲ್ಲಿ ಏನೂ ಕಾಣುವುದಿಲ್ಲ. ಸಲಿಕೆಯ ನುಣುಪನ್ನೇ ಮಣ್ಣಿನ ನುಣುಪು ಎಂದು ಬರೆದುಕೊಂಡ ವರದಿಗಳೂ ಇವೆ. ಚಾಕುವಿನ ತುದಿಯಿಂದ ಹೆಂಟೆಯನ್ನು ಮೀಟಿ, ಅದು ತಾನಾಗಿ ಒಡೆಯುವ ಮೈಯನ್ನು ನೋಡಿ. ಹೊಳೆಯುವ, ಸಣ್ಣ ಗೀರುಗಳಿರುವ, ಓರೆಯಾದ ಮೈ ಕಂಡರೆ ಅದು ಸ್ಲಿಕೆನ್‌ಸೈಡ್. ಒದ್ದೆಯಾಗಿ ಉಬ್ಬಿದ ಮಣ್ಣಿಗೆ ಪಕ್ಕದಲ್ಲಿ ಜಾಗ ಸಾಲದೆ, ಒಂದರ ಮೇಲೊಂದು ಜಾರಿ ತಿಕ್ಕಿಕೊಂಡ ಗುರುತು ಅದು. ಅದರ ಜೊತೆಗೆ ಬೆಣೆಯಾಕಾರದ ಹೆಂಟೆಗಳಿರುತ್ತವೆ. ಅವುಗಳ ಉದ್ದನೆಯ ಅಕ್ಷ ಮಟ್ಟಕ್ಕೆ 10ರಿಂದ 60 ಡಿಗ್ರಿ ಓರೆ ಇರಬೇಕು. ಓರೆಯನ್ನು ಕ್ಲೈನೋಮೀಟರ್‌ನಲ್ಲಿ ಅಳೆಯಿರಿ, ಮೊಬೈಲಿನ ಮಟ್ಟಗೋಲು ಆ್ಯಪ್ ಆದರೂ ನಡೆಯುತ್ತದೆ.

ಪ್ರತಿ ಪದರಕ್ಕೂ ಆಳ, ತೇವದಲ್ಲಿನ ಬಣ್ಣ, ಜಿಗುಟು, ಬೇರು, ಸುಣ್ಣದ ಹರಳು ಬರೆಯಬೇಕು. ಬಣ್ಣವನ್ನು ಮನ್ಸೆಲ್ ಎಂಬ ಬಣ್ಣದ ಮಾದರಿಗಳ ಪುಸ್ತಕಕ್ಕೆ ಹಿಡಿದು ನೋಡುವುದು ಏರುಬಿಸಿಲಿನಲ್ಲಿ ಮಾತ್ರ, ಸಂಜೆಯ ಬೆಳಕಿನಲ್ಲಿ ಎಲ್ಲವೂ ಕೆಂಪಗೆ ಕಾಣುತ್ತದೆ. ಸುಣ್ಣಕ್ಕೆ 10 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ. ಹರಳಿನ ಮೇಲೆ ಹಾಕಿದರೆ ನೊರೆ ಬಂದೇ ಬರುತ್ತದೆ, ಆದ್ದರಿಂದ ಹರಳಿಲ್ಲದ ಬರೀ ಮಣ್ಣಿನ ಮೇಲೂ ಬೇರೆಯಾಗಿ ಹಾಕಿ ನೋಡಿ. ಆಮೇಲೆ ಪದರಕ್ಕೊಂದರಂತೆ ಕಿಲೋಗಿಂತ ಸ್ವಲ್ಪ ಹೆಚ್ಚು ಮಣ್ಣು ಬಟ್ಟೆ ಚೀಲಕ್ಕೆ. ಚೀಟಿ ಒಳಗೊಂದು, ಹೊರಗೊಂದು.

ಈಗ ವರ್ಗದ ಮೊದಲ ಬಾಗಿಲು. ಅಮೆರಿಕದ ಸಾಯಿಲ್ ಟ್ಯಾಕ್ಸಾನಮಿ ಪದ್ಧತಿಯನ್ನೇ ನಮ್ಮ ರಾಷ್ಟ್ರೀಯ ಮಣ್ಣು ಸಮೀಕ್ಷೆಯವರೂ ಬಳಸುತ್ತಾರೆ. ಅದರಲ್ಲಿ ಮಣ್ಣೊಂದು ವರ್ಟಿಸಾಲ್, ಅಂದರೆ ಉಬ್ಬಿ ಕುಗ್ಗಿ ಬಿರುಕು ಬಿಡುವ ಜೇಡಿ ಮಣ್ಣಿನ ವರ್ಗ, ಆಗಬೇಕಾದರೆ ಮೇಲಿನ 100 ಸೆಂಟಿಮೀಟರ್ ಒಳಗೆ ಶುರುವಾಗುವ, ಕನಿಷ್ಠ 25 ಸೆಂಟಿಮೀಟರ್ ದಪ್ಪದ, ಸ್ಲಿಕೆನ್‌ಸೈಡ್ ಅಥವಾ ಬೆಣೆ ಹೆಂಟೆ ಇರುವ ಪದರ ಬೇಕು. ಮೇಲಿನಿಂದ 50 ಸೆಂಟಿಮೀಟರ್‌ವರೆಗೆ ಜೇಡಿ 30 ಪರ್ಸೆಂಟಿಗೆ ಕಡಿಮೆ ಇರಬಾರದು. ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು ಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ, ಹೊಲ ಎಷ್ಟೇ ಕಪ್ಪಗಿರಲಿ, ಅದು ವರ್ಟಿಸಾಲ್ ಅಲ್ಲ. ಇಳಿಜಾರಿನಲ್ಲಿ ಗರಸಿನ ಮೇಲೆ ಕೂತ ತೆಳು ಎರಿ ಹಲವೆಡೆ ಹೀಗೇ ಬೇರೆ ಗುಂಪಿಗೆ ಹೋಗುತ್ತದೆ.

[ದೃಶ್ಯ: ಪ್ರಯೋಗಾಲಯ. ಗಾಜಿನ ಸಿಲಿಂಡರಿನಲ್ಲಿ ತೇಲುವ ಹೈಡ್ರೋಮೀಟರ್.]

ಜೇಡಿಯ ಅಂಕಿ ಬರುವುದು ಪ್ರಯೋಗಾಲಯದಿಂದ. ಹೆಚ್ಚು ತಪ್ಪು ಆಗುವುದೂ ಇಲ್ಲೇ. ಎರಿ ಮಣ್ಣಿನ ಕಣಗಳನ್ನು ಸುಣ್ಣ ಒಂದಕ್ಕೊಂದು ಅಂಟಿಸಿರುತ್ತದೆ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ, ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಕಡೆಯದಿದ್ದರೆ ಜೇಡಿಯ ಗುಂಪುಗಳು ಗೋಡು ಕಣದ ಹಾಗೆ ಬೇಗ ಕೆಳಗೆ ಕೂರುತ್ತವೆ. ಆಗ ಕೈಗೆ ಬೆಣ್ಣೆಯ ಹಾಗೆ ಅಂಟುವ ಮಣ್ಣಿಗೆ ವರದಿಯಲ್ಲಿ "ಜೇಡಿ 28" ಅಂತ ಬರುತ್ತದೆ. ಕೈ ಹೇಳಿದ್ದಕ್ಕೂ ಕಾಗದ ಹೇಳಿದ್ದಕ್ಕೂ ಇಷ್ಟು ಅಂತರ ಬಂದರೆ ಕೈಯನ್ನು ನಂಬಿ, ಪರೀಕ್ಷೆಯನ್ನು ಮತ್ತೆ ಮಾಡಿಸಿ.

ವಿದ್ಯುತ್ ವಾಹಕತೆಯಲ್ಲೂ ಇದೇ ಗೋಳು. ಸವಳು ಅಳೆಯುವ 4 ಡೆಸಿಸೀಮೆನ್ಸ್ ಎಂಬ ಗಡಿ ಇರುವುದು ಸ್ಯಾಚುರೇಶನ್ ಪೇಸ್ಟಿನಿಂದ (ಮಣ್ಣು ಹಿಡಿಯುವಷ್ಟೇ ನೀರು ಹಾಕಿ ಕಲಸಿದ ಕೆಸರು) ಹಿಂಡಿದ ನೀರಿಗೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಬರುವ ಅಂಕಿ ಸಾಮಾನ್ಯವಾಗಿ 1ಕ್ಕೆ 2.5 ಪಾಲು ನೀರು ಬೆರೆಸಿದ್ದು, ಅದು ಎಷ್ಟೋ ಕಡಿಮೆ ಇರುತ್ತದೆ. ಎರಡನ್ನೂ ಒಂದೇ ಗಡಿಗೆ ಹಿಡಿದರೆ ಸವಳು ಹೊಲವೂ ಒಳ್ಳೆಯ ಹೊಲವಾಗಿಬಿಡುತ್ತದೆ.

ಉಬ್ಬು–ಕುಗ್ಗು ಅಳೆಯಲು ದುಬಾರಿ ಯಂತ್ರ ಬೇಡ. ಎರಡು ಮಿಲಿಮೀಟರ್ ಜರಡಿ ಹಿಡಿದ ಮಣ್ಣನ್ನು ಕಣಕದ ಹದಕ್ಕೆ ಕಲಸಿ, ರಾತ್ರಿ ಬಿಟ್ಟು, ಮೂತಿ ಕತ್ತರಿಸಿದ ಸಿರಿಂಜಿನಿಂದ ಕಡ್ಡಿಯ ಹಾಗೆ ಹಿಂಡಿ. 100 ಮಿಲಿಮೀಟರ್‌ಗೆ ಕತ್ತರಿಸಿ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ 88 ಮಿಲಿಮೀಟರ್ ಉಳಿಯಿತು ಅನ್ನಿ. 100 ಭಾಗಿಸು 88, ಕಳೆ 1, ಅಂದರೆ 0.136. ಇದು ಜೋರಾಗಿ ಉಬ್ಬುವ ಮಣ್ಣು. ಮಣ್ಣು ಕಲಸಿ ಮಾಡಿದ ಈ ಅಳತೆ ಒಡೆಯದ ಹೆಂಟೆಯ ಅಳತೆಗಿಂತ ಮೇಲೆಯೇ ಬರುತ್ತದೆ. ಹೊಲದಿಂದ ಹೊಲಕ್ಕೆ ಹೋಲಿಸಲು ಬಳಸಿ, ಅಂತಿಮ ಅಂಕಿ ಎಂದು ಹಿಡಿಯಬೇಡಿ.

[ದೃಶ್ಯ: ತೆರೆಯ ಮೇಲೆ 12 ತಿಂಗಳ ಮಳೆಯ ಪಟ್ಟಿ. ಸೆಪ್ಟೆಂಬರ್, ಅಕ್ಟೋಬರ್ ಕಂಬಗಳು ಎತ್ತರ.]

ಈಗ ಹವಾಮಾನ. ಗದಗದಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಧಾರವಾಡದಲ್ಲಿ 700 ದಾಟುತ್ತದೆ. ಗದಗದ ಪೂರ್ವಕ್ಕೆ ಹೋದಂತೆ ಉತ್ತರಿ, ಹಸ್ತ, ಚಿತ್ತಿ ಮಳೆಗಳೇ ಆಧಾರ. ಹಿಂಗಾರಿ ಜೋಳ, ಕಡಲೆ, ಕುಸುಬಿ ನಿಂತಿರುವುದು ಆ ನೀರನ್ನು ಎರಿ ಹಿಡಿದಿಟ್ಟುಕೊಳ್ಳುವುದರಿಂದ.

ವರ್ಗೀಕರಣ ಕೇಳುವುದು "ಸಾಮಾನ್ಯ ವರ್ಷ"ದ ಮಾಹಿತಿ. ಅದಕ್ಕೆ ಎರಡು ಷರತ್ತು. ಮೊದಲನೆಯದು, 30 ಅಥವಾ ಹೆಚ್ಚು ವರ್ಷಗಳ ಸರಾಸರಿಯಿಂದ ಆ ವರ್ಷದ ಮಳೆ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತಲಿನ ಸಾಮಾನ್ಯ ಏರಿಳಿತದ ಅಳತೆ) ಒಳಗೆ ಇರಬೇಕು. ಸರಾಸರಿ 620, ಡೀವಿಯೇಶನ್ 150 ಎಂದಿಟ್ಟುಕೊಂಡರೆ 470ರಿಂದ 770. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: 12ರಲ್ಲಿ 8 ತಿಂಗಳ ಮಳೆಯೂ ಆಯಾ ತಿಂಗಳ ಸರಾಸರಿಯ ಇದೇ ಮಿತಿಯಲ್ಲಿರಬೇಕು. ಜನವರಿ, ಫೆಬ್ರವರಿಯಂಥ ಒಣ ತಿಂಗಳುಗಳು ಸುಲಭವಾಗಿ ಪಾಸಾಗುತ್ತವೆ. ಕೈಕೊಡುವುದು ಮುಂಗಾರಿನ ತಿಂಗಳುಗಳು.

ಗ್ರಾಮ ಪಂಚಾಯಿತಿಯ ಟೆಲಿಮೆಟ್ರಿಕ್ ಮಳೆಮಾಪಕಗಳಿಗೆ ಇನ್ನೂ 30 ವರ್ಷದ ದಾಖಲೆ ಇಲ್ಲ. ಹಾಗಾಗಿ ಸರಾಸರಿಯನ್ನು ಹಳೆಯ ತಾಲ್ಲೂಕು ಕೇಂದ್ರದಿಂದ ತೆಗೆದುಕೊಳ್ಳಿ, ಈ ವರ್ಷದ ಮಳೆಯನ್ನು ಪಂಚಾಯಿತಿ ಮಾಪಕದಿಂದ ತೆಗೆದುಕೊಳ್ಳಿ.

ಮಣ್ಣಿನ ಹೆಸರಿನಲ್ಲಿ ಉಷ್ಣತೆಯ ಪದವೂ ಬರುತ್ತದೆ. ಅದರಲ್ಲಿ ಒಂದು ಗುಂಡಿ ಇದೆ, ಅನುಭವಸ್ಥರೂ ಬೀಳುತ್ತಾರೆ. ಮಣ್ಣಿನ 50 ಸೆಂಟಿಮೀಟರ್ ಆಳದಲ್ಲಿ ಬೇಸಿಗೆ–ಚಳಿಗಾಲದ ಅಂತರ 6 ಡಿಗ್ರಿಗಿಂತ ಕಡಿಮೆಯೇ ಎಂದು ನೋಡಬೇಕು. ಇಲ್ಲಿ "ಬೇಸಿಗೆ" ಅಂದರೆ ಜೂನ್, ಜುಲೈ, ಆಗಸ್ಟ್. ನಮ್ಮ ಬೇಸಿಗೆ ಏಪ್ರಿಲ್–ಮೇ. ಆ ರೂಢಿಯಲ್ಲೇ ಲೆಕ್ಕ ಹಾಕಿದರೆ ಅಂತರ 6 ದಾಟಿ ಹೆಸರು ಹೈಪರ್‌ಥರ್ಮಿಕ್ ಎಂದು ಬಂದುಬಿಡುತ್ತದೆ. ಮೋಡ ಕವಿದ ನಮ್ಮ ಮಳೆಗಾಲವನ್ನು ಡಿಸೆಂಬರ್–ಫೆಬ್ರವರಿಗೆ ಹೋಲಿಸಿದರೆ ಅಂತರ ಸಣ್ಣದು, ವರ್ಷದ ಸರಾಸರಿ 22 ಡಿಗ್ರಿಗಿಂತ ಮೇಲೆ. ಆದ್ದರಿಂದ ಐಸೊಹೈಪರ್‌ಥರ್ಮಿಕ್.

[ದೃಶ್ಯ: ಕಬ್ಬಿಣದ ಕಂಬಿಯನ್ನು ಬಿರುಕಿಗೆ ಇಳಿಸುವ ಕೈ. ಕಂಬಿಯ ಮೇಲೆ ಬಣ್ಣದ ಗೆರೆಗಳು.]

ಮಳೆಯ ಲೆಕ್ಕ ಮಣ್ಣಿಗೆ ತಾಗುವುದು ಬಿರುಕಿನ ಮೂಲಕ. ಬೇರೆ ಮಣ್ಣಿನಲ್ಲಿ ನೀರು ಮೇಲಿನಿಂದ ಪದರಪದರವಾಗಿ ಇಳಿಯುತ್ತದೆ. ಬಾಯಿ ಬಿಟ್ಟ ಎರಿಯಲ್ಲಿ ಮೊದಲ ಮಳೆಯ ನೀರು ಬಿರುಕಿನೊಳಗೆ ಸೀದಾ ಕೆಳಗೆ ಹೋಗಿ, ಮೇಲೆ ಒಣಗಿದ್ದರೂ ತಳ ನೆನೆಯುತ್ತದೆ. ಅದಕ್ಕೇ ವರ್ಟಿಸಾಲ್‌ನ ಉಪವರ್ಗಕ್ಕೆ ನೇರವಾಗಿ ಬಿರುಕಿನ ದಿನಗಳನ್ನೇ ಎಣಿಸುತ್ತಾರೆ.

5 ಮಿಲಿಮೀಟರ್ ದಪ್ಪದ, 60 ಸೆಂಟಿಮೀಟರ್ ಉದ್ದದ ಕಂಬಿ ತೆಗೆದುಕೊಂಡು 5 ಸೆಂಟಿಮೀಟರಿಗೊಂದು ಗೆರೆ ಹಾಕಿ. ಬಿರುಕು ಮೇಲಿನ 50 ಸೆಂಟಿಮೀಟರ್ ಒಳಗೆ ಕನಿಷ್ಠ 25 ಸೆಂಟಿಮೀಟರ್ ದಪ್ಪದಲ್ಲಿ 5 ಮಿಲಿಮೀಟರ್ ಅಗಲ ಇದ್ದರೆ ಆ ದಿನ ಎಣಿಕೆಗೆ ಸೇರುತ್ತದೆ. ಹೊಲದ 10 ಕಡೆ, ವಾರಕ್ಕೊಮ್ಮೆ ನೋಡಿ. ಬಿರುಕು ಅಂಕುಡೊಂಕಾಗಿ ಇರುವುದರಿಂದ ಕಂಬಿ ಸಿಕ್ಕಿಕೊಂಡರೆ "ಮುಚ್ಚಿದೆ" ಎಂದು ಬರೆಯಬೇಡಿ, ಪಕ್ಕದಲ್ಲಿ ಅಗೆದು ನೋಡಿ. ಕುಂಟೆ ಹೊಡೆದ ಹೊಲದಲ್ಲೂ ಅಷ್ಟೇ. ಹರಗಿದರೆ ಮೇಲಿನ ಒಂದು ಗೇಣು ಪುಡಿಯಿಂದ ತುಂಬುತ್ತದೆ, ಕೆಳಗೆ ಬಾಯಿ ತೆರೆದೇ ಇರುತ್ತದೆ.

ನೀರಾವರಿ ಹೊಲ ಇದಕ್ಕೆ ಬೇಡವೇ ಬೇಡ. ಎಣಿಕೆ ಆಗಬೇಕಾದದ್ದು ಆ ವರ್ಷ ನೀರು ಹಾಯಿಸದ ಹೊಲದಲ್ಲಿ. ಮಲಪ್ರಭಾ ಕಾಲುವೆಯ ನೀರು ಬರುವ ನವಲಗುಂದ, ನರಗುಂದದ ಕಡೆ ಒಣಬೇಸಾಯದ ತುಂಡೊಂದನ್ನು ಹುಡುಕಿಕೊಳ್ಳಬೇಕು.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಿಸೆಂಬರ್ 10ಕ್ಕೆ ತೆರೆದು ಮೇ 31ರವರೆಗೆ 173 ದಿನ. ಆಗಸ್ಟಿನ ಮಳೆ ಬಿಡುವಿನಲ್ಲಿ ಮತ್ತೆ 20. ಒಟ್ಟು 193. ಯುಸ್ಟರ್ಟ್ ಎಂಬ ಉಪವರ್ಗಕ್ಕೆ ಬೇಕಾದ 90 ದಾಟಿತು, ಜೊತೆಗೆ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಒಂದೇ ಸಮನೆ 60 ದಿನಕ್ಕಿಂತ ಹೆಚ್ಚು ಮುಚ್ಚಿತ್ತು. ಆದ್ದರಿಂದ ಇದು ಮರುಭೂಮಿಯ ಟಾರರ್ಟ್ ಅಲ್ಲ, ಯುಸ್ಟರ್ಟ್.

[ದೃಶ್ಯ: ಪಟ್ಟಿ. ಆಳ ಸೆಂಟಿಮೀಟರಿನಲ್ಲಿ, ಜೇಡಿ ಪರ್ಸೆಂಟಿನಲ್ಲಿ. 0–18, ಜೇಡಿ 56. 18–45, ಜೇಡಿ 59. 45–90, ಜೇಡಿ 63. 90–140, ಜೇಡಿ 62.]

ಅದೇ ಉದಾಹರಣೆಯ ಗುಂಡಿ ನೋಡಿ. ಸ್ಲಿಕೆನ್‌ಸೈಡ್ 45ರಿಂದ ಕೆಳಗೆ. ಸುಣ್ಣ ಮೇಲೆ 8, ತಳದಲ್ಲಿ 14 ಪರ್ಸೆಂಟ್. ಕ್ಯಾಲ್ಸಿಕ್ (ಸುಣ್ಣ ಕೂಡಿಕೊಂಡ) ಪದರ ಎನ್ನಲು ಕನಿಷ್ಠ 15 ಬೇಕು, ಹಾಗಾಗಿ ಕ್ಯಾಲ್ಸಿಯುಸ್ಟರ್ಟ್ ಅಲ್ಲ, ಹ್ಯಾಪ್ಲಸ್ಟರ್ಟ್. ವಿನಿಮಯ ಸೋಡಿಯಂ ಯಾವ ಪದರದಲ್ಲೂ 15 ಪರ್ಸೆಂಟ್ ಮುಟ್ಟಿಲ್ಲ, ಸೋಡಿಕ್ ಅಲ್ಲ. 100 ಸೆಂಟಿಮೀಟರ್ ಒಳಗೆ ಗರಸಿಲ್ಲ, ಲೆಪ್ಟಿಕ್ ಅಲ್ಲ. ಬಿರುಕಿನ ದಿನ 210 ಮುಟ್ಟಿದ್ದರೆ ಅರಿಡಿಕ್ (ಹೆಚ್ಚು ಒಣ), 150ಕ್ಕಿಂತ ಕಡಿಮೆ ಇದ್ದರೆ ಯುಡಿಕ್ (ಹೆಚ್ಚು ತೇವ). 193 ನಡುವೆ ಬಂತು. ಬಣ್ಣವೂ ಕಡುಕಪ್ಪು, ಆದ್ದರಿಂದ ಟಿಪಿಕ್, ಅಂದರೆ ಗುಂಪಿನ ಮಾದರಿ ಮಣ್ಣು. 25ರಿಂದ 100ರವರೆಗಿನ ಜೇಡಿಯ ತೂಕಿತ ಸರಾಸರಿ 61.8, ಅದು 60 ದಾಟಿದ್ದರಿಂದ ವೆರಿ ಫೈನ್ (ಅತಿ ನುಣ್ಣನೆಯ ಕಣ). ಖನಿಜ ಸ್ಮೆಕ್ಟೈಟ್ (ನೀರು ಕುಡಿದು ಉಬ್ಬುವ ಜೇಡಿ) ಎಂದು ಪರೀಕ್ಷೆಯಿಂದ ಖಚಿತವಾದರೆ ಪೂರ್ತಿ ಹೆಸರು: ವೆರಿ ಫೈನ್, ಸ್ಮೆಕ್ಟಿಟಿಕ್, ಐಸೊಹೈಪರ್‌ಥರ್ಮಿಕ್, ಟಿಪಿಕ್ ಹ್ಯಾಪ್ಲಸ್ಟರ್ಟ್.

ಹೆಸರು ಉದ್ದ, ಆದರೆ ಪ್ರತಿ ಪದವೂ ಹೊಲದಲ್ಲಿ ಕೆಲಸಕ್ಕೆ ಬರುತ್ತದೆ. ಲೆಪ್ಟಿಕ್ ಎಂದು ಬಂದ ಹೊಲದಲ್ಲಿ ಚಿತ್ತಿ ಮಳೆಯ ನೀರು ಸಂಕ್ರಾಂತಿಯ ತನಕ ಉಳಿಯುವ ಭರವಸೆ ಇಲ್ಲ, ಕಡಲೆಯ ಬೇಗ ಬರುವ ತಳಿ ನೋಡಬೇಕು. ಸೋಡಿಕ್ ಎಂದು ಬಂದರೆ ಜಿಪ್ಸಮ್ ಮತ್ತು ಬಸಿಗಾಲುವೆಯ ಮಾತು, ಗೊಬ್ಬರದ ಮಾತು ಆಮೇಲೆ. ಕ್ಯಾಲ್ಸಿ ಎಂದು ಬಂದರೆ ಸತು, ಕಬ್ಬಿಣದ ಕೊರತೆಯನ್ನು ಮೊದಲು ಪರೀಕ್ಷಿಸಿ.

[ದೃಶ್ಯ: ನೋಟ್‌ಬುಕ್ಕಿನ ಪುಟ. ತಾರೀಕು, ಹತ್ತು ಬಿರುಕು, ಅಗಲ, ಆಳ, ಆ ವಾರದ ಮಳೆ.]

ಎಣಿಕೆ ಶುರು ಮಾಡಲು ಸರಿಯಾದ ಕಾಲ ಹಿಂಗಾರಿ ಬಿತ್ತಿದ ವಾರ. ಆಗ ಎರಿ ಪೂರ್ತಿ ಮುಚ್ಚಿರುತ್ತದೆ, ಮೊದಲ ಕೂದಲೆಳೆಯ ಬಿರುಕು ಕಣ್ತಪ್ಪುವುದಿಲ್ಲ. ಹತ್ತು ಜಾಗಕ್ಕೂ ಗೂಟ ಹೊಡೆದು ನಂಬರ್ ಬರೆಯಿರಿ. ಗೂಟ ಬಿರುಕಿನಿಂದ ಒಂದು ಮಾರು ದೂರ ಇರಲಿ, ಹತ್ತಿರ ಹೊಡೆದರೆ ಅಲ್ಲಿಂದಲೇ ಹೊಸ ಬಿರುಕು ಏಳುತ್ತದೆ.